ಉನ್ನತ ತಂತ್ರಜ್ಞಾನ ಓದುವ ಮಕ್ಕಳಿಗೆ ಅಗತ್ಯ ನೋಡಿ ವಿದ್ಯಾರ್ಥಿವೇತನ ಕೊಡಬೇಕು

ಸಂಪಾದಕರಿಗೆ,

ಮಾನ್ಯರೆ,

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಸೇರಿದಾಗಲೆಲ್ಲ ಕೃಷ್ಣಾ ಮೇಲ್ದಂಡೆ ಯೋಜನೆ, ಕಬ್ಬಿನ ದರ, ರೈಲು ಮಾರ್ಗ, ಮುಳುಗಡೆ ಸಂತ್ರಸ್ತರ ಪರಿಹಾರ ಇವೆಲ್ಲ ಚರ್ಚೆಗೆ ಬರುತ್ತವೆ, ಬರಲೇಬೇಕು. ಅದೇ ನಗರದ ಮಚ್ಛೆಯಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇದೆ. ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು ಅದರ ವ್ಯಾಪ್ತಿಗೆ ಬರುತ್ತವೆ. ಆದರೆ ಆ ಕಾಲೇಜುಗಳಿಗೆ ಸೇರಿದ ಬಡವರ ಮಕ್ಕಳು ನಾಲ್ಕು ವರ್ಷ ಹೇಗೆ ಓದಿ ಮುಗಿಸುತ್ತಾರೆ, ಸೀಟು ಸಿಕ್ಕಿಯೂ ಸೇರಲಾಗದೆ ಹಿಂದೆ ಉಳಿಯುವವರು ಯಾರು ಎಂಬ ಪ್ರಶ್ನೆಗೆ ನಮ್ಮ ಸದನಗಳಲ್ಲಿ ಸಿಗಬೇಕಾದಷ್ಟು ಹೊತ್ತು ಸಿಕ್ಕಿಲ್ಲ. ಈ ಪತ್ರವನ್ನು ಆ ಪ್ರಶ್ನೆಯ ಸಲುವಾಗಿಯೇ ಬರೆಯುತ್ತಿದ್ದೇನೆ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಚಿಪ್ ವಿನ್ಯಾಸ, ಎಂಬೆಡೆಡ್ ಸಿಸ್ಟಮ್ಸ್, ಕೃತಕ ಬುದ್ಧಿಮತ್ತೆ, ರೊಬೊಟಿಕ್ಸ್, ವೈಮಾನಿಕ ಬಿಡಿಭಾಗಗಳ ತಯಾರಿಕೆ, ಜೈವಿಕ ತಂತ್ರಜ್ಞಾನದಂತಹ ಉನ್ನತ ತಂತ್ರಜ್ಞಾನದ ದಾರಿ ಹಿಡಿಯುವ ವಿದ್ಯಾರ್ಥಿಗಳಿಗಾಗಿ, ಡಿಪ್ಲೊಮಾದಿಂದ ಹಿಡಿದು ಎಂ.ಟೆಕ್‌ವರೆಗೆ, ರಾಜ್ಯ ಸರ್ಕಾರ ಒಂದು ಪ್ರತ್ಯೇಕ ವಿದ್ಯಾರ್ಥಿವೇತನ ಯೋಜನೆಯನ್ನು ತರಬೇಕು. ಅದರ ಮೊತ್ತ ಎಲ್ಲರಿಗೂ ಒಂದೇ ಆಗಿರದೆ, ಆ ಓದಿಗೆ ನಿಜವಾಗಿ ತಗಲುವ ಖರ್ಚಿನಲ್ಲಿ ಕುಟುಂಬ ಭರಿಸಬಲ್ಲಷ್ಟನ್ನು ಕಳೆದು ಉಳಿದದ್ದು ಆಗಿರಬೇಕು. ಹಣವು ಸೆಮಿಸ್ಟರ್ ಆರಂಭವಾಗುವ ಮೊದಲು ಕೈಸೇರಬೇಕು.

ಬಾಗಲಕೋಟೆ ಜಿಲ್ಲೆಯಲ್ಲಿ ಬಹಳ ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಮಾಡಿದವನು ನಾನು; ಪಾಠದ ಜೊತೆಗೆ ಕಾಲೇಜಿನ ಸ್ಕಾಲರ್‌ಶಿಪ್ ಅರ್ಜಿಗಳ ಹೊಣೆಯೂ ನನ್ನ ಮೇಲಿತ್ತು. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಹೆಚ್ಚಿನ ಪಾಲು ಅರ್ಜಿಗಳ ಕಟ್ಟುಗಳಿಂದ ಮತ್ತು ಅವನ್ನು ಹಿಡಿದು ಬಂದ ತಂದೆತಾಯಿಗಳ ಬಾಯಿಂದ ತಿಳಿದುಕೊಂಡದ್ದು.

ಅವಕಾಶಗಳಿಗೆ ನಮ್ಮ ಭಾಗದಲ್ಲಿ ಬರವಿಲ್ಲ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳು, ಹೈಡ್ರಾಲಿಕ್ಸ್ ಘಟಕಗಳು ದಶಕಗಳಿಂದ ಹೆಸರು ಮಾಡಿವೆ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯ ವೈಮಾನಿಕ ವಿಶೇಷ ಆರ್ಥಿಕ ವಲಯದಲ್ಲಿ ತಯಾರಾಗುವ ಬಿಡಿಭಾಗಗಳು ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಹೋಗುತ್ತವೆ. ರಾಜಧಾನಿಯ ಕಡೆ ನೋಡಿದರೆ, ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಲ್ಲಿಂದ ಚಿಪ್ ವಿನ್ಯಾಸದ ಕೆಲಸ ಅಲ್ಲಿ ಬೆಳೆಯುತ್ತಲೇ ಇದೆ. ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ರಾಜ್ಯದ 2024-29ರ ಜಾಗತಿಕ ಸಾಮರ್ಥ್ಯ ಕೇಂದ್ರಗಳ (ಬಹುರಾಷ್ಟ್ರೀಯ ಕಂಪನಿಗಳು ಇಲ್ಲಿ ನಡೆಸುವ ತಮ್ಮದೇ ಕಚೇರಿಗಳು) ನೀತಿ 500 ಹೊಸ ಕೇಂದ್ರಗಳನ್ನೂ ಮೂರೂವರೆ ಲಕ್ಷ ಉದ್ಯೋಗಗಳನ್ನೂ ಗುರಿಯಾಗಿ ಇಟ್ಟುಕೊಂಡಿದೆ. 2025ರ ಫೆಬ್ರುವರಿಯ ಹೂಡಿಕೆದಾರರ ಸಮಾವೇಶದಲ್ಲಿ ಹತ್ತು ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿದ ಹೂಡಿಕೆಯ ಭರವಸೆ ಬಂದಿತೆಂದು ಸರ್ಕಾರವೇ ಪ್ರಕಟಿಸಿತು. ಉದ್ಯಮಗಳಿಗೆ ಭೂಮಿ, ವಿದ್ಯುತ್, ತೆರಿಗೆಗಳಲ್ಲಿ ರಿಯಾಯಿತಿ ಕೊಡುವಾಗ ಸರ್ಕಾರ ಹೇಳುವ ಕಾರಣ ನಮ್ಮಲ್ಲಿ ಪ್ರತಿಭೆ ಇದೆ ಎನ್ನುವುದು. ಆ ಪ್ರತಿಭೆ ಇಂಡಿ, ಸಿಂದಗಿ, ಹುನಗುಂದ, ಬೀಳಗಿ, ರಾಮದುರ್ಗ, ಅಥಣಿಗಳ ಪಿಯು ಕಾಲೇಜುಗಳಲ್ಲಿ ಧಾರಾಳವಾಗಿ ಇದೆ. ಅಲ್ಲಿಂದ ಹತ್ತರಗಿಯ ಕಾರ್ಖಾನೆಯ ತನಕವೋ ಬೆಂಗಳೂರಿನ ಪ್ರಯೋಗಾಲಯದ ತನಕವೋ ತಲುಪುವ ದಾರಿಯಲ್ಲಿ ಮಕ್ಕಳು ಹಣಕ್ಕಾಗಿ ನಿಂತುಬಿಡುತ್ತಾರೆ.

ಖರ್ಚಿನ ಲೆಕ್ಕವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಫೀ ಒಂದನ್ನೇ ಖರ್ಚೆಂದು ತಿಳಿಯುವ ರೂಢಿ ಅಧಿಕಾರಿಗಳಲ್ಲಿಯೂ ಇದೆ, ಸಾರ್ವಜನಿಕರಲ್ಲಿಯೂ ಇದೆ. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಎಂಜಿನಿಯರಿಂಗ್ ಸೀಟಿಗೆ ಕೂಡ ವರ್ಷಕ್ಕೆ ಒಂದು ಲಕ್ಷದ ಆಸುಪಾಸು ಕಟ್ಟಬೇಕಾಗುತ್ತದೆ. ಹಾಸ್ಟೆಲ್ ಮತ್ತು ಮೆಸ್ಸಿಗೆ, ಎಷ್ಟೇ ಹಿಡಿತದಿಂದ ನಡೆದರೂ, ಐವತ್ತು ಅರವತ್ತು ಸಾವಿರ ಹೋಗುತ್ತದೆ. ಪರೀಕ್ಷಾ ಶುಲ್ಕ, ಪುಸ್ತಕ, ಪ್ರಾಜೆಕ್ಟಿನ ಬಿಡಿಭಾಗಗಳು, ಊರಿಗೆ ಹೋಗಿಬರುವ ಬಸ್ಸಿನ ಖರ್ಚು ಇವುಗಳಿಗೆ ಮತ್ತೆ ಹತ್ತು ಹದಿನೈದು ಸಾವಿರ ಎಂದಿಟ್ಟುಕೊಳ್ಳಿ. ಇದರ ಮೇಲೆ ಲ್ಯಾಪ್‌ಟಾಪ್. ಇಂದು ಕಂಪ್ಯೂಟರ್ ಸೈನ್ಸ್ ಇರಲಿ, ಮೆಕ್ಯಾನಿಕಲ್ ಇರಲಿ, ಲ್ಯಾಪ್‌ಟಾಪ್ ಇಲ್ಲದೆ ಓದು ಸಾಗದು. ವಿನ್ಯಾಸದ ತಂತ್ರಾಂಶಗಳು ತಡೆದುಕೊಳ್ಳುವಂಥದ್ದು ಬೇಕೆಂದರೆ ನಲವತ್ತೈದು ಐವತ್ತು ಸಾವಿರಕ್ಕೆ ಕಡಿಮೆ ಬರುವುದಿಲ್ಲ. ಎಲ್ಲ ಸೇರಿ ನಾಲ್ಕು ವರ್ಷಕ್ಕೆ ಏಳೂವರೆ ಲಕ್ಷದ ಹತ್ತಿರ ಹೋಗುತ್ತದೆ.

ರಬಕವಿ-ಬನಹಟ್ಟಿಯ ಪಾವರ್‌ಲೂಮ್ ನೇಕಾರರೊಬ್ಬರ ಮಗ ನನ್ನ ವಿದ್ಯಾರ್ಥಿಯಾಗಿದ್ದ. ಅವರದು ಸ್ವಂತ ಮಗ್ಗವಲ್ಲ. ಮತ್ತೊಬ್ಬರ ಶೆಡ್ಡಿನಲ್ಲಿ ಕೂಲಿಗೆ ಸೀರೆ ನೇಯುವ ಕೆಲಸ. ಹುಡುಗನಿಗೆ ಡಿಜಿಟಲ್ ಸರ್ಕ್ಯೂಟ್ ಎಂದರೆ ಪ್ರಾಣ. ಪ್ರಯೋಗಾಲಯದಲ್ಲಿ ಇದ್ದ ಒಂದೆರಡು ಎಫ್‌ಪಿಜಿಎ ಬೋರ್ಡುಗಳ (ಸರ್ಕ್ಯೂಟ್ ವಿನ್ಯಾಸವನ್ನು ಹಾಕಿ ಪರೀಕ್ಷಿಸುವ ಫಲಕಗಳು) ಮುಂದೆ ಬೇರೆಯವರು ಒಂದು ತಾಸು ಕುಳಿತರೆ ಇವನು ಬಾಗಿಲು ಹಾಕುವ ತನಕ ಕೂರುತ್ತಿದ್ದ. ಅವನ ಬಳಿ ಲ್ಯಾಪ್‌ಟಾಪ್ ಇರಲಿಲ್ಲ. ಸರ್ಕ್ಯೂಟನ್ನು ವಿವರಿಸುವ ವೆರಿಲಾಗ್ ಭಾಷೆಯ ಪ್ರೋಗ್ರಾಮನ್ನು ರಾತ್ರಿ ಮೊಬೈಲಿನ ನೋಟ್ಸಿನಲ್ಲಿ ಬರೆದುಕೊಂಡು, ಅಲ್ಪವಿರಾಮ ಅರ್ಧವಿರಾಮಗಳ ಸಮೇತ ಒಂದು ನೂರು ಹಾಳೆಯ ನೋಟ್‌ಬುಕ್ಕಿಗೆ ಪೆನ್ಸಿಲಿನಿಂದ ಇಳಿಸಿ, ಮರುದಿನ ಲ್ಯಾಬಿನ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಓಡಿಸಿ ನೋಡುತ್ತಿದ್ದ. ತಪ್ಪು ಬಂದರೆ ಮತ್ತೆ ಮರುದಿನದ ತನಕ ಕಾಯಬೇಕು. ಲ್ಯಾಪ್‌ಟಾಪ್ ಇದ್ದ ಸಹಪಾಠಿ ಒಂದು ಸಂಜೆಯಲ್ಲಿ ಹತ್ತು ಸಲ ತಿದ್ದಿ ಕಲಿಯುವುದನ್ನು ಇವನು ಎರಡು ವಾರದಲ್ಲಿ ಕಲಿಯುತ್ತಿದ್ದ. ಅವನಿಗೆ ವರ್ಷಕ್ಕೆ ಬರುತ್ತಿದ್ದ ಸರ್ಕಾರಿ ನೆರವು ಹತ್ತು ಸಾವಿರ ರೂಪಾಯಿ. ಅದು ಬರುವಷ್ಟರಲ್ಲಿ ವರ್ಷವೇ ಮುಗಿಯಲು ಬಂದಿರುತ್ತಿತ್ತು.

ಹಣದ ಕೊರತೆ ಕಾಲೇಜಿಗೆ ಸೇರಿದ ಮೇಲಷ್ಟೇ ಕಾಡುವುದಲ್ಲ, ಅದಕ್ಕೂ ಮೊದಲೇ ಕಾಡುತ್ತದೆ. ಸಿಇಟಿ ಫಲಿತಾಂಶ ಬಂದು ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಬ್ರಾಂಚುಗಳ ಪಟ್ಟಿ ನಮೂದಿಸುವುದು) ಮಾಡುವ ದಿನಗಳಲ್ಲಿ ನಮ್ಮ ಜಿಲ್ಲೆಗಳ ಸೈಬರ್ ಕೇಂದ್ರಗಳಲ್ಲಿ ಕುಳಿತು ನೋಡಿದವರಿಗೆ ಇದು ಗೊತ್ತು. ಯಾವ ಬ್ರಾಂಚು ಇಷ್ಟ, ಯಾವ ಕಾಲೇಜಿನಲ್ಲಿ ಕಲಿಸುವವರು ಚೆನ್ನಾಗಿದ್ದಾರೆ ಎಂಬ ಮಾತಿಗಿಂತ ಮುಂಚೆ, ಮನೆಯಿಂದ ದಿನಾಲು ಹೋಗಿಬರಬಹುದೇ, ಹಾಸ್ಟೆಲ್ ಇಲ್ಲದೆ ಆಗುತ್ತದೆಯೇ, ಮೊದಲ ಕಂತು ಎಷ್ಟು ಎಂಬ ಮಾತು ಬರುತ್ತದೆ. ಬೆಂಗಳೂರಿನ ಒಳ್ಳೆಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಗುವ ರ್‍ಯಾಂಕ್ ಬಂದ ಮಕ್ಕಳು ಆ ಕಾಲೇಜನ್ನು ಪಟ್ಟಿಯಲ್ಲಿ ನಮೂದಿಸುವುದೇ ಇಲ್ಲ. ಸೀಟು ಸಿಕ್ಕೂ ಬಿಟ್ಟವರ ಲೆಕ್ಕ ಸರ್ಕಾರದ ಕಡತದಲ್ಲಿ ಸಿಗಬಹುದು, ಕೇಳಲೇ ಇಲ್ಲದವರ ಲೆಕ್ಕ ಎಲ್ಲಿಯೂ ಸಿಗದು. ಎಂಜಿನಿಯರಿಂಗ್ ಆಸೆಯನ್ನೇ ಬಿಟ್ಟು ಊರಿನ ಹತ್ತಿರದ ಪದವಿ ಕಾಲೇಜಿಗೆ ಸೇರಿದ ಹೆಣ್ಣುಮಕ್ಕಳೂ ಅದೇ ಲೆಕ್ಕಕ್ಕೆ ಸೇರುತ್ತಾರೆ. ಶಕ್ತಿ ಯೋಜನೆಯಿಂದ ಬಸ್ ಪ್ರಯಾಣ ಉಚಿತವಾದ ಮೇಲೆ ಅವರಲ್ಲಿ ಕೆಲವರಾದರೂ ಜಿಲ್ಲಾ ಕೇಂದ್ರದ ಕಾಲೇಜಿಗೆ ಬಂದುಹೋಗಿ ಓದುವಂತಾಗಿದೆ ಎಂಬುದನ್ನು ಸಂತೋಷದಿಂದ ಹೇಳಬೇಕು.

ಯೋಜನೆಗಳು ಇಲ್ಲವೆಂದು ನಾನು ಹೇಳುತ್ತಿಲ್ಲ. ಹಿಂದುಳಿದ ವರ್ಗಗಳ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ಊಟ, ವಸತಿಗೆಂದು ವರ್ಷಕ್ಕೆ ಹತ್ತು ತಿಂಗಳು ನೆರವು ಸಿಗುತ್ತದೆ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ನಿಗದಿಯಾಯಿತು. ಮುಂದೆ ಅದನ್ನು ಕೃಷಿ ಕಾರ್ಮಿಕರ, ನೇಕಾರರ ಮಕ್ಕಳಿಗೂ ವಿಸ್ತರಿಸಿದ್ದು ಒಳ್ಳೆಯ ಹೆಜ್ಜೆ. ತಾಂತ್ರಿಕ ಶಿಕ್ಷಣ ಪರಿಷತ್ತಿನ ಪ್ರಗತಿ ವಿದ್ಯಾರ್ಥಿವೇತನ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ಕೊಡುತ್ತದೆ, ಆದರೆ ಇಡೀ ದೇಶದ ವಿದ್ಯಾರ್ಥಿನಿಯರು ಸೀಮಿತ ಸಂಖ್ಯೆಯ ಆ ವೇತನಗಳಿಗೆ ಪೈಪೋಟಿ ನಡೆಸಬೇಕು. ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳ ಕೋಟಾದಲ್ಲಿ ಶೇ 5ರಷ್ಟು ಸೀಟುಗಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. ಪರಿಶಿಷ್ಟ ಜಾತಿ, ಪಂಗಡಗಳ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. ಇವೆಲ್ಲವೂ ಮುಂದುವರಿಯಬೇಕು. ಶತಮಾನಗಳ ಅನ್ಯಾಯವನ್ನು ಸರಿಪಡಿಸಲು ಹುಟ್ಟಿದ ವಿದ್ಯಾರ್ಥಿವೇತನದಿಂದ ಒಂದು ರೂಪಾಯಿಯನ್ನೂ ತೆಗೆದು ಬೇರೆಡೆ ಹಾಕಬೇಕೆಂದು ನಾನು ಕೇಳುವುದಿಲ್ಲ, ಕೇಳುವವರನ್ನು ಒಪ್ಪುವುದೂ ಇಲ್ಲ. ಆ ನೆರವಿನ ಮೇಲೆ, ಇನ್ನೂ ಎಷ್ಟು ಕೊರತೆ ಉಳಿಯುತ್ತದೆ ಎಂದು ನೋಡಿ ಅದನ್ನು ತುಂಬುವ ಯೋಜನೆ ಬೇಕೆನ್ನುವುದಷ್ಟೇ ನನ್ನ ವಾದ. ಈಗಿನ ಯೋಜನೆಗಳು ಒಂದೊಂದು ಇಲಾಖೆಯ ಕೈಯಲ್ಲಿ ಒಂದೊಂದು ಚೂರಾಗಿವೆ. ಎಲ್ಲ ಚೂರುಗಳನ್ನು ಕೂಡಿಸಿದ ಮೇಲೆ ಒಬ್ಬ ಹುಡುಗಿ ಓದಿ ಮುಗಿಸಲು ಸಾಕಾಗುತ್ತದೆಯೇ ಎಂದು ಕೇಳುವ ಒಂದು ಕುರ್ಚಿಯೂ ಸರ್ಕಾರದಲ್ಲಿ ಇಲ್ಲ.

ಇನ್ನು ಅಗತ್ಯವನ್ನು ಅಳೆಯುವುದು ಹೇಗೆ ಎಂಬ ವಿಚಾರಕ್ಕೆ ಬರುತ್ತೇನೆ. ಕಗ್ಗಂಟು ಇರುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯಬೇಕು. ಇಂದು ಎಲ್ಲಕ್ಕೂ ಆಧಾರ ನಾಡಕಚೇರಿ ಕೊಡುವ ಆದಾಯ ಪ್ರಮಾಣಪತ್ರ, ಅದರ ಮೇಲಿನ ಆರ್‌ಡಿ ನಂಬರ್. ನೂರಾರು ಪ್ರಮಾಣಪತ್ರಗಳನ್ನು ನೋಡಿದವನಾಗಿ ಹೇಳುತ್ತೇನೆ, ಅವು ಒಂದು ಕುಟುಂಬವನ್ನು ಇನ್ನೊಂದರಿಂದ ಬೇರೆ ಮಾಡಿ ತೋರಿಸುವುದೇ ಇಲ್ಲ. ಕಾಲುವೆ ನೀರು ಬರುವ ಹೊಲದಲ್ಲಿ ಕಬ್ಬು ಬೆಳೆಯುವ ದೊಡ್ಡ ಹಿಡುವಳಿದಾರರ ಪತ್ರವೂ, ಬಸವನ ಬಾಗೇವಾಡಿಯ ಕಡೆ ಮಳೆ ನಂಬಿ ಎರಡು ಎಕರೆ ಬಿಳಿಜೋಳ ಬಿತ್ತುವವರ ಪತ್ರವೂ ಒಂದೇ ಮೊತ್ತ ತೋರಿಸುತ್ತವೆ. ಇತ್ತ, ಅನುದಾನಿತ ಶಾಲೆಯೊಂದರಲ್ಲಿ ಜವಾನರಾಗಿರುವವರ ಸಂಬಳ ಕಾಗದದ ಮೇಲೆ ಪೂರ್ತಿ ಕಾಣುವುದರಿಂದ, ಮನೆಯಲ್ಲಿ ಮೂವರು ಮಕ್ಕಳು ಓದುತ್ತಿದ್ದರೂ, ಒಬ್ಬರು ಡಯಾಲಿಸಿಸ್‌ನಲ್ಲಿದ್ದರೂ, ಅವರ ಮಗಳು ಮಿತಿಯ ಆಚೆ ಬೀಳುತ್ತಾಳೆ. ಮಿತಿಗಳೂ ಒಂದೇ ಥರ ಇಲ್ಲ: ಒಂದು ಕೇಂದ್ರ ಯೋಜನೆಗೆ ಎರಡೂವರೆ ಲಕ್ಷ, ಇನ್ನೊಂದಕ್ಕೆ ನಾಲ್ಕೂವರೆ ಲಕ್ಷ, ಮತ್ತೊಂದಕ್ಕೆ ಎಂಟು ಲಕ್ಷ. ಯಾವ ಮಿತಿಯಾದರೂ ಸರಿ, ಅದನ್ನು ನೂರು ರೂಪಾಯಿ ದಾಟಿದರೆ ನೆರವು ಪೂರ್ತಿ ನಿಲ್ಲುತ್ತದೆ. ಸುಳ್ಳು ಪ್ರಮಾಣಪತ್ರಕ್ಕೆ ದಾರಿ ಮಾಡಿಕೊಡುವುದೇ ಈ ಕಟ್ಟುನಿಟ್ಟು. ಆದಾಯ ಏರಿದ ಹಾಗೆ ನೆರವು ಹಂತಹಂತವಾಗಿ ಇಳಿಯುವಂತೆ ಮಾಡಿದರೆ ಸುಳ್ಳು ಹೇಳಿ ಗಳಿಸುವುದು ಕಡಿಮೆಯಾಗುತ್ತದೆ, ಸತ್ಯ ಹೇಳಿದವರು ಕಳೆದುಕೊಳ್ಳುವುದೂ ಕಡಿಮೆಯಾಗುತ್ತದೆ.

ಸರ್ಕಾರದ ಬಳಿ ಈಗಾಗಲೇ ಮಾಹಿತಿ ಇದೆ. ಕುಟುಂಬ ತಂತ್ರಾಂಶದಲ್ಲಿ ಮನೆಯ ಸದಸ್ಯರ ವಿವರ ಇದೆ, ಫ್ರೂಟ್ಸ್‌ನಲ್ಲಿ (ರೈತರ ನೋಂದಣಿ ತಂತ್ರಾಂಶ) ಯಾರಿಗೆ ಎಷ್ಟು ಜಮೀನು, ಯಾವ ಬೆಳೆ ಎಂಬುದಿದೆ, ವಿದ್ಯಾರ್ಥಿಯ ಹಿಂದಿನ ವರ್ಷಗಳ ನೆರವು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ ಇದೆ. ಇವನ್ನೆಲ್ಲ ಒಟ್ಟಿಗೆ ನೋಡಿ, ಮನೆಯಲ್ಲಿ ಓದುವವರು ಎಷ್ಟು ಮಂದಿ, ಜಮೀನಿಗೆ ನೀರಿದೆಯೇ, ತಂದೆಯೋ ತಾಯಿಯೋ ಇಲ್ಲದ ಮಗುವೇ, ವರ್ಷದಲ್ಲಿ ಆರು ತಿಂಗಳು ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಗುಳೆ ಹೋಗುವ ಕುಟುಂಬವೇ, ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರೇ ಎಂಬುದಕ್ಕೆಲ್ಲ ತೂಕ ಕೊಟ್ಟು ಅಗತ್ಯವನ್ನು ನಿರ್ಧರಿಸಬಹುದು. ಕಂಪ್ಯೂಟರ್ ಮಾಡಿದ ನಿರ್ಧಾರದಲ್ಲಿ ತಪ್ಪಿದ್ದರೆ ಮೇಲ್ಮನವಿ ಕೇಳಲು ತಾಲ್ಲೂಕು ಮಟ್ಟದಲ್ಲಿ ಒಬ್ಬ ಅಧಿಕಾರಿ ಇರಬೇಕು, ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕು. ವಿಜಯಪುರ ಜಿಲ್ಲೆಯ ತಾಂಡಾಗಳಿಂದ ಬರುವ ಮಕ್ಕಳ ತಂದೆತಾಯಿ ಅರ್ಜಿಯ ದಿನಗಳಲ್ಲಿ ಊರಿನಲ್ಲಿಯೇ ಇರುವುದಿಲ್ಲ. ಒಟಿಪಿ ಬರುವ ಮೊಬೈಲ್ ರತ್ನಗಿರಿಯ ಕಟ್ಟಡವೊಂದರ ಕೆಲಸದ ಜಾಗದಲ್ಲಿ ಇರುತ್ತದೆ. ಇಂಥವನ್ನು ಬಲ್ಲವರು ಯೋಜನೆ ರೂಪಿಸುವ ಮೇಜಿನ ಬಳಿ ಇರಬೇಕು.

ಹಣ ಬರುವ ಹೊತ್ತಿನ ಬಗ್ಗೆ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಸೀಟು ಖಾತ್ರಿಯಾದ ಕೂಡಲೆ ಶುಲ್ಕ ಕಟ್ಟಬೇಕು. ವಿದ್ಯಾರ್ಥಿವೇತನದ ಅರ್ಜಿ ತೆರೆಯುವುದು ಆಮೇಲೆ. ದಾಖಲೆಗಳ ಇ-ಅಟೆಸ್ಟೇಷನ್, ಕಾಲೇಜಿನ ದೃಢೀಕರಣ, ವಿಶ್ವವಿದ್ಯಾಲಯದ ದೃಢೀಕರಣ, ಇಲಾಖೆಯ ಅನುಮೋದನೆ, ಅನುದಾನ ಬಿಡುಗಡೆ ಇಷ್ಟೆಲ್ಲ ದಾಟಿ, ಕೊನೆಗೆ ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿಲ್ಲವೆಂಬ ಒಂದು ಸಾಲು ಪರದೆಯ ಮೇಲೆ ಮೂಡಿದರೆ ಮತ್ತೆ ಎರಡು ತಿಂಗಳು ಹಿಂದಕ್ಕೆ. ಈ ನಡುವಿನ ಅವಧಿಯನ್ನು ಬಡ ಕುಟುಂಬ ದಾಟುವುದು ಸಾಲದ ಮೇಲೆ. ಸ್ವಸಹಾಯ ಸಂಘದಿಂದ ಸಿಕ್ಕಷ್ಟು, ಉಳಿದದ್ದು ಮೈಕ್ರೊ ಫೈನಾನ್ಸ್‌ನಿಂದ, ವಾರಕ್ಕೊಮ್ಮೆ ಕಂತು. ಮೈಕ್ರೊ ಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸಾಲಗಳಲ್ಲಿ ಮಕ್ಕಳ ಫೀ ಕಟ್ಟಲು ಮಾಡಿದ್ದು ಎಷ್ಟಿತ್ತೆಂದು ಯಾರಾದರೂ ಅಧ್ಯಯನ ಮಾಡಿದರೆ ಬಹಳ ಸಂಗತಿಗಳು ಹೊರಬರುತ್ತವೆ. ಸರ್ಕಾರ ಕೊಡುವ ಹತ್ತು ಸಾವಿರ ತಡವಾಗಿ ಬಂದು, ಅಷ್ಟರಲ್ಲಿ ಕಟ್ಟಿದ ಬಡ್ಡಿಗೆ ಸರಿಹೋದರೆ, ಖಜಾನೆಯಿಂದ ಹಣ ಹೋದದ್ದು ನಿಜ, ವಿದ್ಯಾರ್ಥಿಗೆ ತಲುಪಿದ್ದು ಏನೂ ಇಲ್ಲ.

ಬ್ಯಾಂಕುಗಳ ಶೈಕ್ಷಣಿಕ ಸಾಲ ಇದೆಯಲ್ಲ ಎಂದು ಕೇಳುವವರಿದ್ದಾರೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಜಾಮೀನಿಲ್ಲದ ಸಾಲ, ಬಡ್ಡಿಯಲ್ಲಿ ರಿಯಾಯಿತಿ ಕೊಡುತ್ತದೆ ನಿಜ. ಆದರೆ ಅದು ರಾಷ್ಟ್ರೀಯ ರ್‍ಯಾಂಕಿಂಗ್ ಆಧಾರದ ಮೇಲೆ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಮಾತ್ರ. ಊರ ಹತ್ತಿರದ ಸಾಧಾರಣ ಕಾಲೇಜಿನಲ್ಲಿ ಓದುವ ಮಗುವಿಗೆ ಅದು ಸಿಗದು, ಆ ಮಗು ಸಾಧಾರಣ ಕಾಲೇಜಿಗೆ ಬಂದದ್ದೇ ಹಣವಿಲ್ಲದ್ದಕ್ಕೆ.

ಕೊನೆಯ ವರ್ಷದ ಇಂಟರ್ನ್‌ಶಿಪ್ ಬಗ್ಗೆ ನಮ್ಮ ಕಡೆಯ ಪಾಲಕರಿಗೆ ಮುಂಚಿತವಾಗಿ ಗೊತ್ತೇ ಇರುವುದಿಲ್ಲ. ಪಠ್ಯಕ್ರಮದ ಪ್ರಕಾರ ವಿದ್ಯಾರ್ಥಿ ಹಲವು ವಾರ ಕಂಪನಿಯಲ್ಲಿಯೋ ಸಂಶೋಧನಾ ಸಂಸ್ಥೆಯಲ್ಲಿಯೋ ಕೆಲಸ ಕಲಿಯಬೇಕು. ಇದು ಬಹಳ ಒಳ್ಳೆಯ ನಿಯಮ. ಉನ್ನತ ತಂತ್ರಜ್ಞಾನದ ಉದ್ಯೋಗಕ್ಕೆ ನಿಜವಾದ ಬಾಗಿಲು ತೆರೆಯುವುದು ಇಲ್ಲಿಯೇ. ಆದರೆ ಚಿಪ್ ವಿನ್ಯಾಸದ ಕಂಪನಿಗಳು ಇರುವುದು ವಿಜಯಪುರದಿಂದ ಐನೂರು ಕಿಲೊಮೀಟರಿಗೂ ದೂರದ ಬೆಂಗಳೂರಿನಲ್ಲಿ. ಅಲ್ಲಿ ಪಿಜಿಯ ಬಾಡಿಗೆ, ಊಟ, ಓಡಾಟ ಸೇರಿ ತಿಂಗಳಿಗೆ ಹನ್ನೆರಡು ಸಾವಿರವಾದರೂ ಬೇಕು. ಸಂಬಳ ಕೊಡುವ ಇಂಟರ್ನ್‌ಶಿಪ್ ಸಿಗುವುದು ಕೆಲವರಿಗೆ, ಹಲವರಿಗೆ ಏನೂ ಕೊಡುವುದಿಲ್ಲ, ಎದುರಾಗಿ ವಿದ್ಯಾರ್ಥಿಗಳಿಂದಲೇ ಹಣ ಪಡೆದು ಪ್ರಮಾಣಪತ್ರ ಬರೆದುಕೊಡುವ ಸಂಸ್ಥೆಗಳೂ ಹುಟ್ಟಿಕೊಂಡಿವೆ. ನಾನು ಹೇಳಿದ ಆ ನೇಕಾರರ ಮಗನಿಗೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಅವಕಾಶ ಬಂದಿತ್ತು, ಮೊದಲ ಎರಡು ತಿಂಗಳು ವೇತನವಿಲ್ಲ ಎಂದಿದ್ದರು. ಅವನು ಹೋಗಲಿಲ್ಲ. ಊರಿನಲ್ಲಿಯೇ ಆನ್‌ಲೈನ್ ಇಂಟರ್ನ್‌ಶಿಪ್ ಮುಗಿಸಿ ಅಂಕ ಪಡೆದ. ಈಗ ಒಂದು ಫೈನಾನ್ಸ್ ಸಂಸ್ಥೆಯಲ್ಲಿ ಲೆಕ್ಕ ನೋಡಿಕೊಳ್ಳುತ್ತಾನೆ. ಅದು ಮರ್ಯಾದೆಯ ಕೆಲಸವೇ. ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ಇಪ್ಪತ್ತೈದು ಮೂವತ್ತು ಸಾವಿರ ರೂಪಾಯಿಯ ನೆರವು ಆ ತಿಂಗಳುಗಳಲ್ಲಿ ಸಿಕ್ಕಿದ್ದರೆ ಅವನು ಇಂದು ತನಗೆ ಪ್ರೀತಿಯ ಕೆಲಸದಲ್ಲಿ ಇರುತ್ತಿದ್ದನೆಂಬ ನೋವು ಮಾತ್ರ ನನಗೆ ಇದ್ದೇ ಇದೆ. ಪ್ರಸ್ತಾವಿತ ವಿದ್ಯಾರ್ಥಿವೇತನದಲ್ಲಿ ಇಂಟರ್ನ್‌ಶಿಪ್ ತಿಂಗಳುಗಳಿಗೆ ಪ್ರತ್ಯೇಕ ಭತ್ಯೆ ಇರಲೇಬೇಕೆಂದು ಒತ್ತಿ ಹೇಳುವುದು ಇದಕ್ಕೇ.

ನೆರೆಯ ರಾಜ್ಯಗಳು ಏನು ಮಾಡಿವೆ ಎಂದು ನೋಡಬೇಕು. ತಮಿಳುನಾಡು 2021ರಲ್ಲಿ ಕಾನೂನು ಮಾಡಿ ಸರ್ಕಾರಿ ಶಾಲೆಯಲ್ಲಿ ಓದಿದ ಮಕ್ಕಳಿಗೆ ಎಂಜಿನಿಯರಿಂಗ್ ಸೇರಿದಂತೆ ವೃತ್ತಿಪರ ಕೋರ್ಸುಗಳಲ್ಲಿ ಶೇ 7.5ರಷ್ಟು ಸೀಟು ಮೀಸಲಿಟ್ಟು, ಅವರ ಬೋಧನಾ ಶುಲ್ಕದ ಜೊತೆಗೆ ಹಾಸ್ಟೆಲ್ ಖರ್ಚನ್ನೂ ತಾನೇ ಭರಿಸುತ್ತಿದೆ. ಮಹಾರಾಷ್ಟ್ರ 2024ರಲ್ಲಿ, ಎಂಟು ಲಕ್ಷದೊಳಗೆ ಆದಾಯವಿರುವ ಹಿಂದುಳಿದ ಹಾಗೂ ಆರ್ಥಿಕವಾಗಿ ದುರ್ಬಲ ವರ್ಗಗಳ ಕುಟುಂಬದ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸುಗಳ ಶುಲ್ಕವನ್ನು ಪೂರ್ತಿ ಮನ್ನಾ ಮಾಡಿತು. ನಿಪ್ಪಾಣಿಯ ಹುಡುಗಿಗೂ ಗಡಿಯಾಚೆ ಕಾಗಲದ ಹುಡುಗಿಗೂ ಕೆಲವೇ ಕಿಲೊಮೀಟರ್ ಅಂತರ. ಕಾಗಲದವಳಿಗೆ ಎಂಜಿನಿಯರಿಂಗ್ ಬೋಧನಾ ಶುಲ್ಕವಿಲ್ಲ, ನಿಪ್ಪಾಣಿಯವಳಿಗೆ ಲಕ್ಷ ಕಟ್ಟಿದ ಮೇಲೆ ಹನ್ನೊಂದು ಸಾವಿರ ಬಂದರೆ ಬಂತು. ನಮ್ಮ ಸರ್ಕಾರ ಯುವನಿಧಿಯಲ್ಲಿ ಪದವಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿಯನ್ನು ಎರಡು ವರ್ಷದ ತನಕ ಕೊಡುತ್ತದೆ. ಅದೇ ಕಾಳಜಿಯನ್ನು ಓದುತ್ತಿರುವಾಗಲೇ ತೋರಿಸಿದರೆ ಯುವನಿಧಿಯ ಸಾಲಿನಲ್ಲಿ ನಿಲ್ಲುವವರು ಕಡಿಮೆಯಾಗುತ್ತಾರೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆಗಳ ಸ್ಥಿತಿಯಲ್ಲಿ ಇನ್ನೊಂದು ತೊಡಕಿದೆ. ಸಂವಿಧಾನದ 371ಜೆ ವಿಧಿಯ ಸೌಲಭ್ಯ ಕಲ್ಯಾಣ ಕರ್ನಾಟಕಕ್ಕೆ ಸಿಕ್ಕಿರುವುದು ನ್ಯಾಯವೇ. ಆದರೆ ಸಿಂದಗಿಯ ಗಡಿ ದಾಟಿ ಕಲಬುರಗಿ ಜಿಲ್ಲೆಗೆ ಹೋದರೆ ಸಿಗುವ ಮೀಸಲಾತಿ ಈ ಬದಿಗೆ ಇಲ್ಲ, ಬಡತನ ಮಾತ್ರ ಎರಡೂ ಬದಿ ಒಂದೇ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ ನಮ್ಮ ಕಡೆಯವೂ ಇದ್ದವು. ಕುಟುಂಬದ ಅಗತ್ಯವನ್ನೇ ನೇರವಾಗಿ ನೋಡುವ ವಿದ್ಯಾರ್ಥಿವೇತನಕ್ಕೆ ಇಂಥ ಗಡಿಗಳ ತಂಟೆ ಇಲ್ಲ. ಚಾಮರಾಜನಗರದ ಬಡ ಮಗುವಿಗೂ ಅದು ಅಷ್ಟೇ ಸಲ್ಲುತ್ತದೆ.

ಅಂಕಗಳ ಷರತ್ತನ್ನು ವಿವೇಕದಿಂದ ಇಡಬೇಕು. ಪಿಯುಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಎಂಜಿನಿಯರಿಂಗ್‌ನ ಮೊದಲ ವರ್ಷ ಇಂಗ್ಲಿಷಿನ ಪಾಠಕ್ಕೆ ಒಗ್ಗಿಕೊಳ್ಳುತ್ತಲೇ ಕಳೆಯುತ್ತದೆ. ಗಣಿತದ ಒಂದು ವಿಷಯ ಉಳಿಯುವುದು ತೀರ ಸಾಮಾನ್ಯ. ಅದೇ ಮಗು ಮೂರನೆಯ ವರ್ಷದಲ್ಲಿ ತರಗತಿಗೆ ಮೊದಲಿಗನಾದ ಉದಾಹರಣೆಗಳು ನನ್ನ ಕಣ್ಣಮುಂದೆ ಬೇಕಾದಷ್ಟಿವೆ. ಮೊದಲ ವರ್ಷ ಬ್ಯಾಕ್‌ಲಾಗ್ ಬಂತೆಂದು ನೆರವು ನಿಲ್ಲಿಸಿದರೆ ನಾವು ಕೈಬಿಡುವುದು ಅತಿ ಹೆಚ್ಚು ದೂರ ನಡೆದು ಬಂದವರನ್ನು. ಹಾಗೆಯೇ, ನೆರವು ಪಡೆದವರು ಇಂತಿಷ್ಟು ವರ್ಷ ರಾಜ್ಯದಲ್ಲಿಯೇ ದುಡಿಯಬೇಕೆಂಬ ಬಾಂಡ್ ಬರೆಸಿಕೊಳ್ಳುವ ಸಲಹೆ ಆಗಾಗ ಬರುತ್ತದೆ. ಹಣವುಳ್ಳವರ ಮಕ್ಕಳು ಎಲ್ಲಿ ಬೇಕಾದರೂ ಹೋಗಬಹುದು, ಬಡವರ ಮಕ್ಕಳು ಮಾತ್ರ ಮುಚ್ಚಳಿಕೆ ಬರೆದು ಓದಬೇಕೆನ್ನುವುದು ನನಗೆ ಸರಿ ಕಾಣುವುದಿಲ್ಲ.

ಡಿಪ್ಲೊಮಾ ಓದುವವರನ್ನು ಯಾವ ಕಾರಣಕ್ಕೂ ಮರೆಯಬಾರದು. ಬೆಳಗಾವಿಯ ಜಿಟಿಟಿಸಿಯಲ್ಲಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಆ್ಯಂಡ್ ಡೈ ಕಲಿತ ಹುಡುಗರು ಸಿಎನ್‌ಸಿ ಯಂತ್ರಗಳ ಮೇಲೆ ಮಿಲಿಮೀಟರಿನ ನೂರನೇ ಒಂದು ಭಾಗದ ಕರಾರುವಾಕ್ಕಿನಲ್ಲಿ ಲೋಹ ಕೊರೆಯುತ್ತಾರೆ. ವೈಮಾನಿಕ ಉದ್ಯಮ ನಡೆಯುವುದು ಅಂಥ ಕೈಗಳಿಂದ. ಸರ್ಕಾರ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರೋಪಕರಣ ತರಿಸಿದೆ. ಆ ಯಂತ್ರಗಳ ಮುಂದೆ ನಿಂತು ಕಲಿಯುವ ಹುಡುಗನಿಗೆ ಮಧ್ಯಾಹ್ನದ ಊಟಕ್ಕೆ, ಕೋಣೆಯ ಬಾಡಿಗೆಗೆ ಹಣವಿಲ್ಲದಿದ್ದರೆ ಅವನು ಬಿಟ್ಟುಹೋಗುತ್ತಾನೆ.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಹೇಳುತ್ತದೆ. ಈಗಿನ ಯೋಜನೆಗಳ ನೆರವು ಕಳೆದು, ವರ್ಷಕ್ಕೆ ಸರಾಸರಿ ಒಂದು ಲಕ್ಷದಂತೆ ಪ್ರತಿ ವರ್ಷ ಹತ್ತು ಸಾವಿರ ಹೊಸ ವಿದ್ಯಾರ್ಥಿಗಳನ್ನು ಸೇರಿಸಿಕೊಂಡರೆ ಮೊದಲ ವರ್ಷ ನೂರು ಕೋಟಿ, ನಾಲ್ಕೂ ವರ್ಷಗಳ ತಂಡಗಳು ಸೇರಿದ ಮೇಲೆ ವರ್ಷಕ್ಕೆ ನಾನೂರು ಕೋಟಿ ರೂಪಾಯಿ ಬೇಕಾಗುತ್ತದೆ. ರಾಜ್ಯದ ಬಜೆಟ್ಟಿನ ಗಾತ್ರಕ್ಕೆ ಇದು ದೊಡ್ಡ ಹೊರೆಯಲ್ಲ. ರಿಯಾಯಿತಿ ಪಡೆಯುವ ಉದ್ಯಮಗಳು ರಿಯಾಯಿತಿಯ ಒಂದು ಸಣ್ಣ ಪಾಲನ್ನು ಈ ನಿಧಿಗೆ ಕೊಡಬೇಕೆಂದು ಒಪ್ಪಂದದಲ್ಲಿಯೇ ಬರೆಸಿಕೊಳ್ಳಬಹುದು. ನಮ್ಮ ನೆಲಕ್ಕೆ ಈ ಯೋಚನೆ ಹೊಸದಲ್ಲ. ಸವದತ್ತಿ ತಾಲ್ಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮೊದಲೇ ತಮ್ಮ ಇಡೀ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸದ ನೆರವಿಗೆ ಮರಣಪತ್ರದಲ್ಲಿ ಬರೆದಿಟ್ಟರು. ಆ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಓದಿ ಮುಂದೆ ಬಂದವರು ಈ ಭಾಗದ ಶಿಕ್ಷಣ ಸಂಸ್ಥೆಗಳನ್ನೂ ಸಾರ್ವಜನಿಕ ಜೀವನವನ್ನೂ ಕಟ್ಟಿದರು. ಒಬ್ಬ ದೇಸಾಯಿಯಿಂದ ಆದದ್ದು ಒಂದು ಸರ್ಕಾರದಿಂದ ಆಗಲಾರದೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಶಾಸಕರು ಪಕ್ಷ ಮರೆತು ಮುಂದಿನ ಅಧಿವೇಶನದಲ್ಲಿ ಈ ವಿಷಯವನ್ನು ಎತ್ತಬೇಕೆಂದು, ಉನ್ನತ ಶಿಕ್ಷಣ ಸಚಿವರು ಬಜೆಟ್ ತಯಾರಿಯ ಹೊತ್ತಿಗೆ ಯೋಜನೆಯ ಕರಡನ್ನು ಸಾರ್ವಜನಿಕರ ಮುಂದೆ ಇಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಆ ಕರಡಿನಲ್ಲಿ ಒಂದು ಅಂಶವಂತೂ ಇರಲೇಬೇಕು. ಅಗತ್ಯದ ಲೆಕ್ಕ ಸಿಇಟಿ ಅರ್ಜಿಯ ಜೊತೆಯಲ್ಲಿಯೇ ಮುಗಿದು, ಆಪ್ಷನ್ ಎಂಟ್ರಿಯ ಪರದೆಯಲ್ಲಿ ಪ್ರತಿ ಕಾಲೇಜಿನ ಹೆಸರಿನ ಎದುರು ಆ ವಿದ್ಯಾರ್ಥಿಗೆ ಸಿಗುವ ನೆರವು ಎಷ್ಟು, ಅವರ ಮನೆಯಿಂದ ಕಟ್ಟಬೇಕಾದದ್ದು ಎಷ್ಟು ಎಂಬ ಎರಡು ಮೊತ್ತಗಳು ಕಾಣಬೇಕು. ಸೀಟು ಹಂಚಿಕೆಯ ಪತ್ರದಲ್ಲಿ ಅವೇ ಮೊತ್ತಗಳು ಮುದ್ರಿತವಾಗಬೇಕು. ಕಾಲೇಜು ಆ ಪತ್ರವನ್ನೇ ಶುಲ್ಕದ ರಸೀದಿಯೆಂದು ಒಪ್ಪಿಕೊಂಡು ದಾಖಲಾತಿ ಮಾಡಿಕೊಳ್ಳಬೇಕು.

ಇಂತಿ,
ಒಬ್ಬ ನಿವೃತ್ತ ಎಲೆಕ್ಟ್ರಾನಿಕ್ಸ್ ಅಧ್ಯಾಪಕ,
ನವನಗರ, ಬಾಗಲಕೋಟೆ